ಅಳೆದದ್ದು, ಕಳೆದದ್ದು

ಯಾವ ಊರಿಗೆ ಹೊಲ ಅಳೆಯಲು ಹೋದರೂ ಅವರು ಮೊದಲು ತಮ್ಮ ಮೇಲೆ ತಾವೇ ದೂರು ಹೇಳಿಕೊಳ್ಳುತ್ತಿದ್ದರು. ಚಾವಡಿಯ ಮುಂದೆ ಪಟೇಲರು, ಶಾನುಭೋಗರು, ವ್ಯಾಜ್ಯದ ಎರಡೂ ಕಡೆಯವರು, ಯಾವ ಕಡೆಗೂ ಸೇರದೆ ಬರೀ ನೋಡಲು ಬಂದವರು ಎಲ್ಲ ಕೂಡಿರುತ್ತಿದ್ದರು. ಇವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕರಿ ಕೋಟಿನ ಮೇಲಿನ ಗುಂಡಿ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು.

"ನೋಡ್ರಪ್ಪಾ, ನನ್ನ ಎಡಗಣ್ಣು ಸ್ವಲ್ಪ ಮಂಜು. ದೂರದ ಬಾವುಟ ನೋಡುವಾಗ ಬಲಕ್ಕೆ ವಾಲ್ತೀನಿ. ಯಾರಾದ್ರೂ ನನ್ನ ಹಿಂದೆ ನಿಂತು ನೋಡ್ತಾ ಇರಿ. ಊಟ ಆದ್ಮೇಲೆ ಒಂದು ಗಳಿಗೆ ತೂಕಡಿಕೆ. ಆಗ ಬರೆದ ಅಂಕಿ ನಂಬಬೇಡಿ, ಇನ್ನೊಂದು ಸಲ ಕೇಳಿ. ಯಾರಾದ್ರೂ ಹೊಗಳಿದ್ರೆ ಹಿಗ್ತೀನಿ. ಹಿಗ್ಗಿದಾಗ ಹೊಗಳಿದೋರ ಕಡೆಗೇ ನ್ಯಾಯ ಇದ್ದಂಗೆ ಕಾಣುತ್ತೆ. ಅಳತೆ ಮುಗಿಯೋ ತನಕ ಬೇಕಾದ್ರೆ ಬಯ್ಯಿರಿ, ಹೊಗಳಬೇಡಿ."

ಜನ ನಗುತ್ತಿದ್ದರು. "ಸರ್ಕಾರ್ದೋರು ತಮ್ ತಪ್ಪ ತಾವೇ ಏಳ್ಕತಾರಲ್ಲಪ್ಪ, ಇದ್ಯಾವ ತಮಾಸೆ!" ಎಂದು ಯಾರಾದರೊಬ್ಬರು ಅನ್ನುತ್ತಿದ್ದರು. ಪಕ್ಕದಲ್ಲಿ ಬಾವುಟ ಹಿಡಿದು ನಿಂತ ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಮೋಜಿಣಿಯ, ಎಂದರೆ ಭೂಮಿ ಅಳೆಯುವ, ತರಬೇತಿ ಪಡೆದು, ಮೊದಲ ಸಲ ಅರಕಲಗೂಡಿಗೆ ಬಂದಿದ್ದೆ. ಅಲ್ಲಿ ಹಿರಿಯ ಮೋಜಿಣಿದಾರರಾಗಿದ್ದ ಅವರ ಕೈಕೆಳಗೆ ನನ್ನನ್ನು ಹಾಕಿದ್ದರು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು.

ಅವರು ತೀರಿಕೊಂಡರೆಂದು ಹೋದ ತಿಂಗಳು ಹೊಳೆನರಸೀಪುರದಿಂದ ಕಾರ್ಡು ಬಂತು. ಹೆಸರು ಬರೆಯುವುದಿಲ್ಲ. ಬರೆದರೆ ಗೊತ್ತಿದ್ದವರು ಅವರಲ್ಲಿ ದೊಡ್ಡ ದೊಡ್ಡ ಗುಣಗಳನ್ನು ಹುಡುಕಲು ಶುರು ಮಾಡುತ್ತಾರೆ. ನಾನು ಬರೆಯಲು ಹೊರಟಿರುವುದು ಅವರ ದೋಷಗಳನ್ನು, ಅದೂ ಅವರೇ ಹೇಳಿಕೊಟ್ಟವುಗಳನ್ನು.

ಹೊಗಳಿಕೆಯ ದೋಷವನ್ನು ಅವರು ಸುಮ್ಮನೆ ಹೇಳಿಕೊಳ್ಳುತ್ತಿರಲಿಲ್ಲ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಚತುರ ರೈತ ಇವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮಧ್ಯಾಹ್ನ ಮೆಲ್ಲಗೆ ಹತ್ತಿರ ಬಂದು, "ಏನ್ ಏಳಿ ಸಾ, ನಿಮ್ಮಂಗೆ ಗೆರೆ ಇಡಿಯೋ ಕಣ್ಣು ಈ ಸೀಮೇಲೆ ಇನ್ನೊಂದಿಲ್ಲ" ಅಂದ. ಇವರ ಮುಖ ನಿಜವಾಗಿಯೂ ಅರಳಿತು. ಅರಳಿದ್ದು ಅವರಿಗೂ ಗೊತ್ತಾಯಿತು. ಕೂಡಲೇ ಸರಪಳಿ ಸುತ್ತಿಸಿ, "ಇವತ್ತಿಗೆ ಸಾಕು. ಇವನು ಹೊಗಳಿಬಿಟ್ಟ, ನನಗೆ ಹಿಗ್ಗಾಯ್ತು. ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತೆ, ಆಗ ಅಳೆಯೋಣ" ಎಂದರು. ಆ ರೈತನ ಮುಖ ನೋಡುವಂತಿತ್ತು. ಊರಿನವರು ಅವನನ್ನು ಬೈದ ಬೈಗುಳ ಕೇಳುವಂತಿತ್ತು. ನಾವು ಆ ದಿನ ಶಾನುಭೋಗರ ಜಗಲಿಯಲ್ಲಿ ಹುರಿಗಡಲೆ ತಿನ್ನುತ್ತಾ ಕಾಲ ಕಳೆದೆವು.

ನಮ್ಮ ಕಚೇರಿಯ ಹಿತ್ತಿಲಲ್ಲಿ ಎರಡು ಕಲ್ಲು ನೆಟ್ಟಿತ್ತು, ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಮೂವತ್ತಮೂರು ಅಡಿ. ಹೊಲ ಅಳೆಯುವ ಕಬ್ಬಿಣದ ಸರಪಳಿಯ ಉದ್ದವೂ ಅಷ್ಟೇ. ಅದನ್ನು ಹದಿನಾರು ಭಾಗ ಮಾಡಿ ಒಂದೊಂದನ್ನು ಆಣೆ ಎನ್ನುತ್ತಿದ್ದೆವು. ಆಣೆಯೆಂದರೆ ಎರಡಡಿಯ ಮೇಲೆ ಚೂರು, ಕಾಸಿನ ಆಣೆಯಲ್ಲ. ಸರಪಳಿ ಎಳೆದಾಡಿ ಎಳೆದಾಡಿ ಕೊಂಡಿಗಳು ಅಗಲವಾಗಿ, ಕೆಲವು ತಿಂಗಳಲ್ಲಿ ಅರ್ಧ ಗೇಣು ಬೆಳೆದಿರುತ್ತದೆ. ಇವರು ಪ್ರತಿ ಬೆಳಿಗ್ಗೆ ಅದನ್ನು ಆ ಕಲ್ಲುಗಳ ನಡುವೆ ಹಾಸಿ ನೋಡಿ, ಬೆಳೆದಿದ್ದರೆ ಸುತ್ತಿಗೆಯಿಂದ ಕೊಂಡಿಗಳನ್ನು ಕುಟ್ಟಿ ಸರಿಮಾಡಿಯೇ ಹೊರಡುತ್ತಿದ್ದರು. ನಿಯಮದಲ್ಲಿ ಇದ್ದದ್ದು ತಿಂಗಳಿಗೊಮ್ಮೆ. ನನಗೆ ಕೋಪ ಬರುತ್ತಿತ್ತು, ಏಕೆಂದರೆ ಕುಟ್ಟುವುದು ನನ್ನ ಪಾಲಿಗೆ ಬರುತ್ತಿತ್ತು.

ಇವರ ದೋಷ ಹೇಳಿಕೊಳ್ಳುವ ಅಭ್ಯಾಸ ಹೇಗೋ ಹೊಳೆನರಸೀಪುರದ ಒಬ್ಬ ಮೇಷ್ಟರ ಕಿವಿಗೆ ಬಿದ್ದು, ಅವರು ಇದರಲ್ಲಿ ವೇದಾಂತ ಕಂಡರು. ಶಾಲೆಗೆ ಬಂದು ಮಕ್ಕಳಿಗೆ ಆತ್ಮಜ್ಞಾನದ ಮೇಲೆ ನಾಲ್ಕು ಮಾತು ಆಡಬೇಕೆಂದು ಗಂಟುಬಿದ್ದರು. ಇವರು ಹೋದರು. ಹೋಗಿ, "ಆತ್ಮದ ವಿಷಯ ನನಗೆ ಗೊತ್ತಿಲ್ಲ. ನನ್ನ ವಿಷಯ ಒಂದಿಷ್ಟು ಗೊತ್ತು, ಹೇಳ್ತೀನಿ" ಎಂದು, ತಾನು ಗೊರಕೆ ಹೊಡೆಯುವುದು, ಹಲಸಿನ ಹಣ್ಣು ಕಂಡರೆ ಕರೆಯದಿದ್ದರೂ ಕೂರುವುದು, ಕೋಪ ಬಂದರೆ ಇಂಗ್ಲಿಷಿನಲ್ಲಿ ತಪ್ಪು ತಪ್ಪಾಗಿ ಬೈಯುವುದು ಎಲ್ಲವನ್ನೂ ಹೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟರು ವಂದನಾರ್ಪಣೆಯನ್ನು ಎರಡೇ ವಾಕ್ಯದಲ್ಲಿ ಮುಗಿಸಿದರಂತೆ.

ಆದರೆ ಹೇಳಿಕೊಂಡು ಸುಮ್ಮನಿರುವವರ ಪೈಕಿ ಅವರಲ್ಲ. ಎಷ್ಟೋ ಜನ "ನನ್ನ ಸ್ವಭಾವವೇ ಹಾಗೆ ಕಣ್ರೀ" ಎಂದು ಎದೆ ಉಬ್ಬಿಸುತ್ತಾರೆ. ಸ್ವಭಾವವೇನೋ ಪಿತ್ರಾರ್ಜಿತ ಆಸ್ತಿ ಅನ್ನುವ ಹಾಗೆ. ಇವರು ಒಂದೊಂದು ದೋಷಕ್ಕೂ ಒಂದೊಂದು ಊರುಗೋಲು ಮಾಡಿಟ್ಟುಕೊಂಡಿದ್ದರು. ಕೋಪ ಬಂದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯುತ್ತಿದ್ದರು. ಅವರು ಹಾಗೆ ಬರುವುದನ್ನು ದೂರದಿಂದ ಕಂಡರೆ ಸಾಕು, ಮೇಲಿನವರು ಏನೋ ಅಂದಿದ್ದಾರೆಂದು ನಾವು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂರುತ್ತಿದ್ದೆವು. ನಕ್ಷೆಯಲ್ಲಿ ಅವರ ಅಕ್ಷರ ಕೋಳಿ ಕೆದಕಿದಂತಿತ್ತು. ಅದಕ್ಕೆ ಐವತ್ತು ದಾಟಿದ ಮೇಲೆ ಒಂದು ಕಾಪಿ ಪುಸ್ತಕ ತಂದು, ದಿನಾ ಒಂದು ಪುಟ ಅ ಆ ಇ ಈ ತಿದ್ದುತ್ತಿದ್ದರು. "ನಿಮಗ್ಯಾಕೆ ಸಾರ್ ಈಗ, ಇನ್ನೆರಡು ವರ್ಷಕ್ಕೆ ಮನೆಗೆ ಹೋಗೋರು" ಎಂದು ಗುಮಾಸ್ತರು ನಕ್ಕರೆ, "ಮನೆಗೆ ಹೋದ್ಮೇಲೆ ಕಾಗದ ಬರೆಯಲ್ವೇನ್ರೀ" ಅನ್ನುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಅವರ ಅಕ್ಷರ ಓದುವಂತಾಗಿತ್ತು. ಚೆಂದವೇನೂ ಆಗಿರಲಿಲ್ಲ.

ಈ ದೋಷಗಳು ನಿಮಗೆ ಹೇಗೆ ಗೊತ್ತಾದವು ಸಾರ್ ಎಂದು ಒಮ್ಮೆ ಹೊಳೆನರಸೀಪುರದ ಅವರ ಮನೆಯಲ್ಲಿ ಕೇಳಿದೆ. ಊಟಕ್ಕೆ ಕೂತಿದ್ದೆವು.

"ತಾನಾಗಿ ತಿಳ್ಕೊಳ್ಳೋದು ಅರ್ಧ ಕಣಯ್ಯ. ಇನ್ನರ್ಧ ಇವಳು ಹೇಳಿದ್ದು" ಎಂದು ಹೆಂಡತಿಯ ಕಡೆ ಕೈ ತೋರಿಸಿದರು.

"ಮುಕ್ಕಾಲು ಅನ್ನಿ" ಎಂದು ಆಕೆ ಸಾರು ಬಡಿಸುತ್ತಲೇ ಅಂದರು. "ಆ ಅರ್ಧದಲ್ಲೂ ಅರ್ಧ ನಾನೇ ಹೇಳಿದ್ದು. ನೀವು ಆಮೇಲೆ ನಿಮ್ಮದು ಅಂತ ಬರ್ಕೊಂಡಿರಿ."

"ನೋಡಿದ್ಯಾ, ಇನ್ನೊಂದು ಸಿಕ್ತು" ಎಂದು ಅವರು ಮಜ್ಜಿಗೆಗೆ ಕೈ ಚಾಚಿದರು.

ನನ್ನನ್ನೂ ಅವರು ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ, "ನಿನ್ನದೇನು?" ಎಂದು ಕೇಳಿದ್ದರು. ಏನು ಅಂದರೆ ಏನು ಸಾರ್ ಎಂದೆ. "ದೋಷ ಕಣಯ್ಯ. ಅಳೆಯೋ ಹೊತ್ತಿನಲ್ಲಿ ನಿನ್ನ ದೋಷ ಏನು ಅಂತ ನನಗೆ ಗೊತ್ತಿದ್ರೆ ಒಳ್ಳೇದು." ನಾನು ಬಹಳ ಯೋಚಿಸಿದವನಂತೆ ನಟಿಸಿ, "ಸ್ವಲ್ಪ ಸಂಕೋಚ ಸಾರ್" ಎಂದೆ. ಮದುವೆಗೆ ಹೆಣ್ಣು ನೋಡಲು ಹೋದ ಗಂಡು ಹೇಳುವಂಥ ಉತ್ತರ. ಅವರು ನಗಲಿಲ್ಲ. "ಇರಲಿ, ಇನ್ನೂ ಸಿಕ್ಕಿಲ್ಲ. ತಾನೇ ಬರುತ್ತೆ, ಗಾಬರಿಯಾಗಬೇಡ" ಎಂದರು.

ನನಗೆ ಗಾಬರಿಯೇನೂ ಇರಲಿಲ್ಲ. ದೋಷವೇ ಇಲ್ಲವೆಂದು ನನಗೆ ಖಾತರಿ ಇತ್ತು. ನನಗೆ ಲೆಕ್ಕ ಬಲು ಬೇಗ ಬರುತ್ತಿತ್ತು. ಸಾಲಗಾಮೆಯ ಶಾಲೆಯಿಂದ ಮೈಸೂರಿನ ಕಾಲೇಜಿನವರೆಗೆ ಯಾವ ಮೇಷ್ಟರೂ ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ಹೊಲದಲ್ಲಿ ಉಳಿದವರು ಬೆರಳು ಮಡಚುತ್ತಿದ್ದಾಗ ನಾನು ಗುಂಟೆ ಹೇಳಿಬಿಡುತ್ತಿದ್ದೆ. ಅವರಿಗೂ ಅದು ಬಹಳ ಮೆಚ್ಚಿಗೆ. ಬೇರೆ ಊರಿನ ಮೋಜಿಣಿದಾರರು ಬಂದರೆ ನನ್ನನ್ನು ಕರೆದು ಲೆಕ್ಕ ಹಾಕಿಸಿ ತೋರಿಸುತ್ತಿದ್ದರು. ಹಾಗೆ ತೋರಿಸುವಾಗ ಅವರ ಮುಖದಲ್ಲಿ ಇರುತ್ತಿದ್ದ ಸಂತೋಷ ನನ್ನ ತಂದೆಯ ಮುಖದಲ್ಲೂ ನಾನು ಕಂಡಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಸಂಜೆ ಕಾಫಿ ಮುಂದಿಟ್ಟುಕೊಂಡು, "ಇವತ್ತು ಏನನ್ನ ಅಳೀಲಿಲ್ಲ?" ಎಂದು ಕೇಳುತ್ತಿದ್ದರು. ಅಳೆದದ್ದು ಪುಸ್ತಕದಲ್ಲಿ ಇದ್ದೇ ಇರುತ್ತದೆ, ಅಳೆಯದೆ ಬಿಟ್ಟದ್ದು ಎಲ್ಲೂ ಇರುವುದಿಲ್ಲ ಎಂಬುದು ಅವರ ವಾದ. ಮುಳ್ಳು ಇತ್ತು, ಆ ಕಡೆ ಹೋಗಲಿಲ್ಲ. ಹೊತ್ತು ಮುಳುಗಿತು, ಕೊನೆ ಗೆರೆ ಅಂದಾಜು. ಹೀಗೆ ಒಬ್ಬೊಬ್ಬರೂ ಹೇಳುತ್ತಿದ್ದರು. ನಾನು ಮಾತ್ರ ದಿನಾ, "ಎಲ್ಲಾ ಆಯ್ತು ಸಾರ್" ಅನ್ನುತ್ತಿದ್ದೆ.

ಮಲ್ಲಿಪಟ್ಟಣದ ಆಚೆಯ ಹಳ್ಳಿಯೊಂದರಿಂದ ಬಂದ ಸಂಜೆಯೂ ಹಾಗೇ ಅಂದಿದ್ದೆ.

ಅಲ್ಲಿಯ ವ್ಯಾಜ್ಯ ಒಂದು ಬಾವಿಯದು. ಪೂರ್ವಕ್ಕೆ ನಿಂಗಮ್ಮ ಎಂಬ ವಿಧವೆಯ ಹೊಲ, ಪಶ್ಚಿಮಕ್ಕೆ ಅದೇ ಊರಿನ ಗೌಡರೊಬ್ಬರ ಹೊಲ. ಎರಡರ ನಡುವಿನ ಗಡಿಕಲ್ಲು ಎಂದೋ ಕಾಣೆಯಾಗಿತ್ತು. ಗಡಿಯ ಆಸುಪಾಸಿನಲ್ಲೇ ಬಾವಿ. ನನ್ನ ಗಂಡ ತೋಡಿದ್ದು, ನಮ್ಮ ಹೊಲದಲ್ಲಿದೆ ಎಂದು ಆಕೆ. ಅವನು ತಿಳಿಯದೆ ನಮ್ಮ ಹೊಲಕ್ಕೆ ನುಗ್ಗಿ ತೋಡಿದ್ದ, ಕಾಗದ ನೋಡಿ ಎಂದು ಗೌಡರು. ಅದರ ನೀರಿನಿಂದ ಆಕೆ ಬದನೆ, ಮೆಣಸಿನಕಾಯಿ ಬೆಳೆದು ಸಂತೆಗೆ ಹಾಕಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಬಾವಿ ಹೋದರೆ ಅವಳಿಗೆ ಉಳಿಯುವುದು ಮಳೆ ಬಂದರೆ ಬೆಳೆಯುವ ರಾಗಿ ಮಾತ್ರ. ಸರ್ಕಾರದ ಸರಪಳಿ ಏನು ಹೇಳುತ್ತದೋ ಅದಕ್ಕೆ ಬದ್ಧ ಎಂದು ಇಬ್ಬರೂ ಪಟೇಲರ ಮುಂದೆ ಒಪ್ಪಿದ್ದರು.

ಹಳೆಯ ದಾಖಲೆ ಸ್ಪಷ್ಟವಾಗಿತ್ತು. ಪಶ್ಚಿಮದ ಮೂಲೆಗಲ್ಲಿನಿಂದ ಪೂರ್ವದ ಮೂಲೆಗಲ್ಲಿನ ತನಕ ಹನ್ನೊಂದು ಸರಪಳಿ. ಅದರಲ್ಲಿ ಗೌಡರದು ಆರೂವರೆ, ಉಳಿದ ನಾಲ್ಕೂವರೆ ನಿಂಗಮ್ಮನದು. ಬಾವಿ ಮೂಲೆಗಲ್ಲಿನಿಂದ ಆರೂವರೆಯ ಒಳಗಿದ್ದರೆ ಗೌಡರದು, ದಾಟಿದ್ದರೆ ಆಕೆಯದು. ಅವತ್ತು ಅವರಿಗೆ ಹಾಸನದಲ್ಲಿ ಕೆಲಸವಿತ್ತು. ನನ್ನೊಬ್ಬನನ್ನೇ ಕಳಿಸಿದರು.

ಹೊಲದ ತುಂಬ ಸೊಂಟದೆತ್ತರದ ರಾಗಿ. ನಾನು ಪಶ್ಚಿಮದ ಕಲ್ಲಿನ ಬಳಿ ಪುಸ್ತಕ ಹಿಡಿದು ನಿಂತೆ. ಸರಪಳಿಯ ಹಿಂದಿನ ತುದಿ ಊರಿನ ತೋಟಿಯ ಕೈಯಲ್ಲಿತ್ತು, ಮುಂದಿನ ತುದಿ ಹಿಡಿದದ್ದು ಅದೇ ಊರಿನ ಸಣ್ಣಪ್ಪ ಎಂಬ ಮುದುಕ. ಸುಗ್ಗಿಯಲ್ಲಿ ಊರಿನವರ ಕಣದಲ್ಲೆಲ್ಲ ರಾಗಿ ಅಳೆದುಕೊಡುವವನು ಅವನೇ. ಒಂದು ಅನ್ನುವ ಬದಲು ಕಣದಲ್ಲಿ ಅಂದಂತೆ "ಲಾಭ" ಎಂದು ಕೂಗಿ ಶುರುಮಾಡಿದ. ಅದು ನನಗೆ ಗೊತ್ತಿದ್ದದ್ದೇ. ಎರಡು, ಮೂರು, ನಾಕು, ಅಯ್ದು ಎಂದು ಕೂಗುತ್ತಾ, ಬಗ್ಗಿ ಸರಪಳಿ ಎಳೆಯುತ್ತಾ ರಾಗಿಯೊಳಗೆ ಮರೆಯಾದ. "ಆರು" ಎಂದ. ಸ್ವಲ್ಪ ಹೊತ್ತಿಗೆ ಬಾವಿಯ ಕಟ್ಟೆ ಹತ್ತಿ ನಿಂತು, "ಆರ್ ಮ್ಯಾಲೊಂದು ಸಾ, ಬಾವಿ ಬಂತು!" ಎಂದು ಕೂಗಿದ.

ಆರು ಸರಪಳಿ, ಅದರ ಮೇಲೆ ಒಂದು ಆಣೆ. ಬರೆದುಕೊಂಡೆ. ಅಂದರೆ ಬಾವಿ ಗೌಡರದು. ಗಡಿ ಇನ್ನೂ ಏಳು ಆಣೆ ಮುಂದಕ್ಕೆ. ಬಾವಿಯ ಬಳಿ ಹೋಗಿ, ಅಲ್ಲಿಂದ ಏಳು ಆಣೆ ಅಳೆಸಿ, ಹೊಸ ಕಲ್ಲು ನೆಡಿಸಿದೆ. ಕಲ್ಲಿನಿಂದ ಪೂರ್ವದ ಮೂಲೆಯ ತನಕವೂ ಅಳೆಯಬೇಕಾಗಿತ್ತು. ಬಿಸಿಲಿತ್ತು, ರಾಗಿ ತುಳಿಯುತ್ತೀರೆಂದು ಆಕೆ ಗೊಣಗುತ್ತಿದ್ದಳು. ಹನ್ನೊಂದರಲ್ಲಿ ಆರೂವರೆ ಕಳೆದರೆ ನಾಲ್ಕೂವರೆ. ಅದನ್ನು ಹೇಳಲು ಸರಪಳಿ ಏಕೆ ಬೇಕು? ನಾಲ್ಕು ಸರಪಳಿ ಎಂಟಾಣೆ ಎಂದು ಅಳೆದವನಂತೆ ಬರೆದೆ.

ಕಲ್ಲು ನೆಡುವಾಗ ನಿಂಗಮ್ಮ ಬಾವಿಯನ್ನೂ ಕಲ್ಲನ್ನೂ ಎರಡೆರಡು ಸಲ ನೋಡಿ, "ಇದೆಂಗಾಯ್ತದೆ ಸಾ? ನಮ್ಮೆಜಮಾನ್ರು ಅಷ್ಟು ಕುರುಡ್ರಾ?" ಎಂದಳು. "ಲೆಕ್ಕಕ್ಕೆ ಎಜಮಾನರು ಗೊತ್ತಾಗಲ್ಲಮ್ಮ" ಎಂದೆ. ಈಗ ನೆನೆದರೆ ಆ ಮಾತು ಆಡಿದ ಬಾಯಿಗೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ. ಅವತ್ತು ಒಳ್ಳೆಯ ಉತ್ತರ ಕೊಟ್ಟೆನೆಂದು ಖುಷಿಯಾಗಿತ್ತು.

ಕೈಕೆಳಗಿನವರ ನಕ್ಷೆಗೆ ರುಜು ಹಾಕುವ ಮೊದಲು ಅವರು ಅದರ ಒಂದು ಗೆರೆಯನ್ನಾದರೂ ತಾವೇ ಹೋಗಿ ಅಳೆದು ನೋಡುತ್ತಿದ್ದರು. ಯಾರದ್ದಾದರೂ ಸರಿ. ನನ್ನ ಈ ನಕ್ಷೆಯನ್ನು ಕೈಯಲ್ಲಿ ಹಿಡಿದು, "ಎಷ್ಟು ಚೊಕ್ಕವಾಗಿ ಕೂತಿದೆ ನೋಡ್ರೀ" ಎಂದು ಗುಮಾಸ್ತರಿಗೆ ತೋರಿಸಿ ರುಜು ಹಾಕಿದರು. ಚೊಕ್ಕವಾಗಿ ಕೂರದೆ ಏನು ಮಾಡೀತು? ಕಳೆದು ಬರೆದ ಅಂಕಿ ಯಾವಾಗಲೂ ಚೊಕ್ಕವಾಗಿಯೇ ಕೂರುತ್ತದೆ.

ಶಿವರಾತ್ರಿಯ ಹೊತ್ತಿಗೆ ನಿಂಗಮ್ಮ ಅರಕಲಗೂಡಿಗೆ ನಡೆದು ಬಂದು ಕಚೇರಿಯ ಮೆಟ್ಟಿಲ ಬಳಿ ಕೂತಳು. ಅರ್ಜಿ ಇಲ್ಲ, ವಕೀಲರಿಲ್ಲ. ಅವರು ಹೊರಗೆ ಬಂದಾಗ ಎದ್ದು ಸೆರಗಿನಿಂದ ಎರಡು ಒಣಗಿದ ಬದನೆ ಗಿಡ ತೆಗೆದು ಮುಂದೆ ಹಿಡಿದಳು.

"ಏನವ್ವ ಇದು?"

"ನಿಮ್ ಸರಪಣಿ ಬೆಳ್ದಿದ್ದು ಸಾ."

ಒಳಗೆ ಕರೆಸಿ, ಕೂರಿಸಿ, ಪೂರ್ತಿ ಕೇಳಿದರು. ಆಮೇಲೆ ನನ್ನ ಪುಸ್ತಕ ತರಿಸಿ ಬಹಳ ಹೊತ್ತು ನೋಡಿದರು. ಆ ಸಂಜೆ ಸೈಕಲ್ಲು ತಳ್ಳಿಕೊಂಡೇ ಬಿಡಾರಕ್ಕೆ ಹೋದರು. ನನ್ನ ಮೇಲೆ ಕೋಪ ಅಂದುಕೊಂಡೆ. ನನಗೂ ಬಂತು. ಒಬ್ಬ ಹೆಂಗಸು ಎರಡು ಒಣಕಲು ಗಿಡ ತೋರಿಸಿದರೆ ನನ್ನ ಲೆಕ್ಕ ತಪ್ಪಾಗುತ್ತದೆಯೇ?

ಅವರು ನಿವೃತ್ತರಾಗಲು ಒಂದು ತಿಂಗಳು ಉಳಿದಿತ್ತು. ರುಜು ಬಿದ್ದ ನಕ್ಷೆಯನ್ನು ಮತ್ತೆ ತೆರೆಯಬೇಕಾದರೆ, ನನ್ನ ರುಜು ಸರಿಯಿಲ್ಲದಿರಬಹುದು ಎಂದು ಅವರೇ ಮೇಲಿನ ಕಚೇರಿಗೆ ಬರೆದುಕೊಳ್ಳಬೇಕಿತ್ತು. ಅವರ ಸರ್ವಿಸ್ ಪುಸ್ತಕದಲ್ಲಿ ಮೂವತ್ತು ವರ್ಷದಲ್ಲಿ ಒಂದು ಕಪ್ಪು ಗೆರೆಯೂ ಇರಲಿಲ್ಲ. ಗುಮಾಸ್ತರು ಕೈ ಮುಗಿದು ಹೇಳಿದರು: ಆಕೆ ಅಪೀಲು ಹೋಗಲಿ, ನಿಮ್ಮ ಹಿಂದೆ ಬರುವವರು ನೋಡಿಕೊಳ್ಳುತ್ತಾರೆ. ನಾನೂ ಹೇಳಿದೆ, ನನ್ನ ಕಾರಣಕ್ಕೆ. ಅವರು ಆ ಓದುವಂತಾದ ಅಕ್ಷರದಲ್ಲಿ ತಾವೇ ಬರೆದರು: "ಪರಿಶೀಲಿಸದೆ ರುಜು ಮಾಡಿದ್ದೇನೆ. ಕಾರಣ, ಕೈಕೆಳಗಿನವನ ಮೇಲಿನ ಮಮತೆ." ಅದೆಂಥ ಕಾರಣ ಎಂದು ಮೇಲಿನಿಂದ ಕೇಳಿ, ಉತ್ತರಕ್ಕೂ ಕಾಯದೆ ಛೀಮಾರಿ ಬಂತು. ಅದು ಅವರ ಪುಸ್ತಕದ ಕೊನೆಯ ಹಾಳೆಯಲ್ಲಿ ಕೂತಿತು.

ನಾವು ಆ ಹಳ್ಳಿಗೆ ಹೋದಾಗ ರಾಗಿ ಕೊಯ್ಲು ಆಗಿ ಹೊಲದಲ್ಲಿ ಬರೀ ಕೂಳೆ ಇತ್ತು. ಊರಿಗೆ ಊರೇ ಬಂದು ಬದುವಿನ ಮೇಲೆ ಕೂತಿತ್ತು. ಗೌಡರು ಒಂದು ಕಡೆ, ನಿಂಗಮ್ಮ ಇನ್ನೊಂದು ಕಡೆ.

"ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ನಿಂತ್ಕೋ" ಎಂದರು ನನಗೆ. "ಆ ಕಡೆ ಬೆನ್ನು ಮಾಡು. ಅವತ್ತು ಕಾಣ್ತಿರಲಿಲ್ಲವಲ್ಲ. ಕೇಳ್ಕೊಂಡು ಬರಿ."

ಅವರು ಸಣ್ಣಪ್ಪನ ಜತೆ ಸರಪಳಿಯ ಗುಂಟ ಹೋದರು. ಲಾಭ, ಎರಡು, ಮೂರು ಎಂದು ಕೂಗು ದೂರವಾಗುತ್ತಾ ಹೋಯಿತು. ಆರು. ಆಮೇಲೆ, "ಆರ್ ಮ್ಯಾಲೊಂದು ಸಾ!"

ನನಗೆ ಜೀವ ಬಂದಂತಾಯಿತು. ಅದೇ ಅಂಕಿ. ಬರೆದೆ.

"ಎಷ್ಟು ಬರೆದೆ?" ಎಂದು ಅವರು ಬಾವಿಯ ಬಳಿಯಿಂದ ಕೂಗಿದರು.

"ಆರು ಸರಪಳಿ ಒಂದಾಣೆ ಸಾರ್!"

ಸಣ್ಣಪ್ಪ ಗಾಬರಿಯಾಗಿ ತನ್ನ ಕೈಯಲ್ಲಿದ್ದ ತುದಿಯನ್ನು ನೋಡಿದನಂತೆ. ನಾನು ಹತ್ತಿರ ಹೋಗುವಷ್ಟರಲ್ಲಿ, "ಒಂದಾಣೆ ಎಲ್ ಬಂತು ಸಾ? ಸರಪಣಿ ಪೂರ್ತಿ ಬಿದ್ದೈತಲ್ಲ" ಅನ್ನುತ್ತಿದ್ದ. ನೋಡಿದೆ. ಕೂಳೆಯ ಮೇಲೆ ಇಡೀ ಸರಪಳಿ, ಹದಿನಾರೂ ಆಣೆ, ನೀಟಾಗಿ ಮಲಗಿತ್ತು.

"ಹಾಗಾದ್ರೆ ಆರರ ಮೇಲೊಂದು ಅಂದ್ರೆ ಎಷ್ಟಯ್ಯಾ?" ಎಂದು ಅವರು ಕೇಳಿದರು.

"ಎಂಟಕ್ಕೆ ಒಂದು ಕಮ್ಮಿ ಸಾ."

"ಆ ಅಂಕಿಗೆ ಹೆಸರಿಲ್ವಾ?"

"ಐತೆ ಸಾ. ನಾನು ಏಳಾಕಿಲ್ಲ."

ಬದುವಿನ ಮೇಲೆ ಕೂತವರು ಗೊಳ್ಳೆಂದರು. ಸಣ್ಣಪ್ಪನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ನಗ್ಬ್ಯಾಡ್ರಲಾ. ಅಳತೇಲಿ ಆ ಮಾತು ಬಾಯಲ್ಲಿ ಬಂದ್ರೆ ಸಿರಿ ಎದ್ದೋಯ್ತದೆ. ಏಳು ಅಂತ..." ಎಂದು ಅಂದೇಬಿಟ್ಟು, ನಾಲಿಗೆ ಕಚ್ಚಿಕೊಂಡು, ಎರಡೂ ಕೆನ್ನೆಗೆ ಹೊಡೆದುಕೊಂಡ. "ನಮ್ಮಪ್ಪ ಕಣದಲ್ಲಿ ಅಂದಿಲ್ಲ, ನಾನೂ ಅಂದಿಲ್ಲ. ಇವತ್ತು ಅನ್ನಿಸ್ಬುಟ್ರಿ."

ಏಳು ಸರಪಳಿ. ಬಾವಿ ಗಡಿಯಿಂದ ಅರ್ಧ ಸರಪಳಿ ಆಚೆಗೆ, ನಿಂಗಮ್ಮನ ಹೊಲದೊಳಗೇ ಇತ್ತು. ನಾನು ನೆಡಿಸಿದ್ದ ಕಲ್ಲು ಮೂವತ್ತಡಿಗೂ ಹೆಚ್ಚು ತಪ್ಪಿ ನಿಂತಿತ್ತು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ನಿರಾಳ. "ನೋಡಿ ಸಾರ್, ಇವನಿಂದ ಆದದ್ದು! ಇವನು ಸರಿಯಾಗಿ ಹೇಳಿದ್ದಿದ್ರೆ..." ಎಂದೆ.

"ಆ ಕಲ್ಲಿಂದ ಪೂರ್ವದ ಮೂಲೆಗೆ ನಾಲ್ಕು ಸರಪಳಿ ಎಂಟಾಣೆ ಅಂತ ಬರೆದಿದ್ದೀಯ" ಎಂದರು ಅವರು. ದನಿ ಏರಿರಲಿಲ್ಲ. "ಅಲ್ಲಿ ಇರೋದು ಮೂರೂವರೆ ಚಿಲ್ಲರೆ. ಶುರು ಮಾಡೋ ಮೊದಲೇ ಆ ಕಡೆ ಅಳೆಸಿ ನೋಡ್ದೆ. ಅದನ್ನ ಅಳೆದೆಯೋ, ಕಳೆದೆಯೋ?"

ನಾನು ಪುಸ್ತಕದ ಹಾಳೆ ತಿರುವಿದೆ. ಅವರು ಇನ್ನೊಂದು ಸಲ ಕೇಳಿದರು.

"ಕಳೆದೆ ಸಾರ್."

"ಜೋರಾಗಿ ಹೇಳು. ಅಲ್ಲಿ ಕೂತೋರಿಗೆ ಕೇಳಿಸಲ್ಲ."

"ಅಳೀಲಿಲ್ಲ, ಕಳೆದೆ" ಎಂದು ಕೂಗಿದೆ.

"ಸಣ್ಣಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ ಕಣಯ್ಯ. ನೀನು ಕೇಳ್ಕೊಂಡಿದ್ದರಲ್ಲಿ ತಪ್ಪು. ಅದೂ ದೊಡ್ಡದಲ್ಲ, ಯಾರಿಗಾದ್ರೂ ಆಗುತ್ತೆ. ಅಳೆದಿದ್ರೆ ಅವತ್ತೇ ಸಿಕ್ತಿತ್ತು. ನಿನಗೆ ಲೆಕ್ಕ ಬೇಗ ಬರುತ್ತೆ, ಅದಕ್ಕೆ ನೀನು ಅಳೆಯಲ್ಲ. ಸಿಕ್ತಲ್ಲ, ಇದೇ ನಿನ್ನದು."

ಆಮೇಲೆ ಜನರ ಕಡೆ ತಿರುಗಿದರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಷ್ಟು ಊರುಗಳಲ್ಲಿ ಅವರು ತಮ್ಮ ದೋಷ ಹೇಳಿಕೊಂಡದ್ದನ್ನು ನಾನು ಕೇಳಿದ್ದೆನೋ, ಅಷ್ಟರಲ್ಲೂ ಅವರ ಮಾತಿನಲ್ಲಿ ಒಂದು ತಮಾಷೆಯ ಎಳೆ ಇರುತ್ತಿತ್ತು. ಅವತ್ತು ಇರಲಿಲ್ಲ.

"ನಾನು ನೋಡದೆ ರುಜು ಹಾಕಿದೆ ಕಣ್ರಪ್ಪಾ. ಇವನನ್ನ ನನ್ನ ಮಗ ಅಂದ್ಕೊಂಡುಬಿಟ್ಟಿದ್ದೆ. ಮಗನ ಗೆರೆ ಅಳೆಯೋಕೆ ಮನಸ್ಸು ಬರಲಿಲ್ಲ. ಇಷ್ಟು ವರ್ಷ ಊರೂರಲ್ಲಿ ನನ್ನ ದೋಷ ಎಲ್ಲಾ ಗೊತ್ತು ಅಂತ ಓದಿ ಹೇಳ್ದೆ. ಇದು ಗೊತ್ತಿರಲಿಲ್ಲ." ಅವರ ಕಣ್ಣು ತುಂಬಿತ್ತು. ನಾನು ಅತ್ತೇಬಿಟ್ಟೆ, ಎಲ್ಲರ ಎದುರಿಗೇ.

ಗೌಡರು ಎದ್ದು ಬಟ್ಟೆ ಕೊಡವಿಕೊಂಡರು. ಅವರು ಕೆಟ್ಟವರಲ್ಲ. "ಸರಪಣಿ ಅವತ್ತು ನಮ್ದು ಅಂತು, ತಗಂಡೊ. ಇವತ್ತು ಅವಳ್ದು ಅಂತು, ಬುಟ್ಟೊ. ನಾಳೀಕೆ ಇನ್ನೇನಂತದೋ, ಅದನ್ನೂ ಬಂದೇಳಿ" ಎಂದು ಹೊರಟುಹೋದರು.

ತೋಟಿ ಆ ತಪ್ಪು ಕಲ್ಲನ್ನು ಕೀಳಲು ಹಾರೆ ತಂದ. ನಾನು ಅವನ ಕೈಯಿಂದ ಹಾರೆ ತೆಗೆದುಕೊಂಡು ನಾನೇ ಕಿತ್ತೆ. ಸರಿಯಾದ ಜಾಗಕ್ಕೆ ಸರಪಳಿ ಹಿಡಿದು, ಈ ಕಡೆಯಿಂದ ಒಂದು ಸಲ, ಆ ಕಡೆಯಿಂದ ಒಂದು ಸಲ ಅಳೆದು, ಗುಂಡಿ ತೋಡಿ ನೆಟ್ಟೆ. ನಿಂಗಮ್ಮ ಬಾವಿಯ ಕಟ್ಟೆಗೆ ಆತು ನಿಂತು ಅಷ್ಟನ್ನೂ ನೋಡುತ್ತಿದ್ದಳು. ಅವಳ ಹಿಂದೆ ಬದನೆಯ ಮಡಿಗಳು ಬಿಳಿಚಿಕೊಂಡು ಬಿದ್ದಿದ್ದವು. ಬಾವಿ ಕೈ ತಪ್ಪಿದ ಮೇಲೆ ಅವಕ್ಕೆ ಒಂದು ಬಿಂದಿಗೆ ನೀರೂ ಬಿದ್ದಿರಲಿಲ್ಲ. ಹಿರಿಯ ಮಗನನ್ನು ಶಾಲೆ ಬಿಡಿಸಿ ಮಲ್ಲಿಪಟ್ಟಣದಲ್ಲಿ ಯಾರದೋ ದನ ಕಾಯಲು ಬಿಟ್ಟಿದ್ದಳೆಂದು ಪಟೇಲರು ಅವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಮಣ್ಣು ಕೊಡವಿಕೊಂಡು ಆಕೆಯ ಮುಂದೆ ಹೋಗಿ ನಿಂತೆ. ಕ್ಷಮಿಸಿ ಅನ್ನಲು ಹೋದವನು ಅದನ್ನು ಬಿಟ್ಟು ಏನೇನೋ ಹೇಳಿದೆ. ನನಗೆ ಲೆಕ್ಕ ಬೇಗ ಬರುತ್ತದೆ, ಅದೇ ನನ್ನ ದೋಷ, ಇವತ್ತು ಗೊತ್ತಾಯಿತು, ಇನ್ನು ಮೇಲೆ ಹೀಗಾಗುವುದಿಲ್ಲ ಎಂದೆಲ್ಲ.

ಆಕೆ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ನಿಮ್ದು ನಿಮ್ಗೆ ಗೊತ್ತಾಗಾಕೆ ನಮ್ ಬಾವಿ ಬೇಕಾಯ್ತಾ ಸಾ?"

ನಾನು ತಿರುಗಿ ಅವರ ಕಡೆ ನೋಡಿದೆ. ಮಾತಿಗೆ ಸಿಕ್ಕಿಹಾಕಿಕೊಂಡಾಗಲೆಲ್ಲ ಅವರು ನನ್ನ ನೆರವಿಗೆ ಬರುತ್ತಿದ್ದರು. ಅವತ್ತು ಅಲ್ಲೇ ನಿಂತು, ರುಮಾಲು ಕೈಯಲ್ಲಿ ಹಿಡಿದು, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು.

"ಹೂಂ ಕಣಮ್ಮ" ಎಂದೆ. "ಬೇಕಾಯ್ತು."

ಆಕೆ ಇನ್ನೇನೂ ಕೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾವಿಯೊಳಕ್ಕೆ ಬಗ್ಗಿ ನೀರು ಎಷ್ಟಿದೆ ಎಂದು ನೋಡಿದಳು.